ಸಂಪಿನಲ್ಲೋ, ಟ್ಯಾಂಕಿನಲ್ಲೋ?

ಏಳನೇ ತರಗತಿಯ ಹುಡುಗನೊಬ್ಬ ಈ ವಾರ ಒಂದು ಜಗಳವನ್ನು ತಂದು ನನ್ನ ಮುಂದಿಟ್ಟಿದ್ದಾನೆ. ಕಾರಿನ ಎಂಜಿನ್ ಆಯಿಲ್ ಎಷ್ಟಿದೆ ಎಂದು ನೋಡಬೇಕಾದರೆ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಕಡ್ಡಿ ಎಳೆಯಬೇಕು ಎನ್ನುವುದು ಅವನ ತಾತನ ಮಾತು. ಆದರೆ ಹಳೆಯ ಪೋರ್ಷೆ 911 ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ನೋಡುವುದನ್ನು ಹುಡುಗ ಒಂದು ವಿಡಿಯೊದಲ್ಲಿ ಕಂಡಿದ್ದಾನೆ. "ತಾತ ಒಪ್ಪೋದೇ ಇಲ್ಲ. ಓಡ್ತಿರೋ ಎಂಜಿನ್‌ನಲ್ಲಿ ಕಡ್ಡಿ ಎಳೆದರೆ ಏನು ಗೊತ್ತಾಗುತ್ತೆ, ಮಣ್ಣು ಅಂತಾರೆ. ಯಾರು ಸರಿ ಹೇಳಿ" ಎಂದು ಬರೆದಿದ್ದಾನೆ.

ಇಬ್ಬರೂ ಸರಿ. ಯಾರ ಮನಸ್ಸೂ ನೋಯದಿರಲಿ ಎಂದು ಹೇಳುತ್ತಿರುವ ಮಾತಲ್ಲ ಇದು. ತಾತನ ಕ್ರಮ ಮನೆಯ ಕಾರಿಗೆ ಸರಿ, ಹುಡುಗ ಕಂಡ ಕ್ರಮ ಆ 911ಕ್ಕೆ ಸರಿ. ಅದಲು ಬದಲು ಮಾಡಿದರೆ ಎರಡು ಕಡೆಯೂ ಕಡ್ಡಿ ಸುಳ್ಳು ಹೇಳುತ್ತದೆ. ಅದನ್ನು ನಂಬಿ ಆಯಿಲ್ ಸುರಿದವರ ಎಂಜಿನ್ ತೊಂದರೆಗೆ ಬೀಳುತ್ತದೆ.

ಮೊದಲು ಮನೆಯ ಕಾರನ್ನೇ ನೋಡೋಣ. ಎಂಜಿನಿನ ತಳದಲ್ಲಿ ತಟ್ಟೆಯಂಥ ಒಂದು ಪಾತ್ರೆ ಇರುತ್ತದೆ. ಗ್ಯಾರೇಜಿನವರು ಅದನ್ನು ಆಯಿಲ್ ಚೇಂಬರ್ ಎನ್ನುತ್ತಾರೆ, ಪುಸ್ತಕದ ಹೆಸರು ಸಂಪು. ಹೌದು, ನಿಮ್ಮ ಮನೆಯಂಗಳದಲ್ಲಿ ನೀರು ತುಂಬುವ ಸಂಪಿಗೂ ಇದೇ ಹೆಸರು. ಎಂಜಿನ್ ಓಡುವಾಗ ಒಂದು ಪಂಪು ಈ ಸಂಪಿನಿಂದ ಆಯಿಲ್ ಎತ್ತಿ ಎಲ್ಲ ಸಂದಿಗೊಂದಿಗಳಿಗೂ ಕಳುಹಿಸುತ್ತದೆ. ಕೆಲಸ ಮುಗಿಸಿದ ಆಯಿಲ್ ತಾನಾಗಿ ಇಳಿದು ಮತ್ತೆ ಸಂಪಿಗೆ ಬರುತ್ತದೆ. ಡಿಪ್‌ಸ್ಟಿಕ್ ಎಂಬ ಕಡ್ಡಿಯ ತುದಿ ಮುಳುಗಿರುವುದು ಈ ಸಂಪಿನಲ್ಲೇ. ಓಡುತ್ತಿರುವ ಎಂಜಿನಿನಲ್ಲಿ ಸಾಕಷ್ಟು ಆಯಿಲ್ ಮೇಲೆಲ್ಲೋ ತಿರುಗಾಟದಲ್ಲಿರುತ್ತದೆ, ಕೆಳಗೆ ಇದ್ದದ್ದೂ ಕದಡಿ ಚಿಮ್ಮುತ್ತಿರುತ್ತದೆ. ಅದಕ್ಕೇ ತಾತ ಹೇಳಿದ್ದು, ಆಫ್ ಮಾಡಿ ಐದೋ ಹತ್ತೋ ನಿಮಿಷ ಬಿಡು ಎಂದು. ಊರು ಸುತ್ತಲು ಹೋದ ಆಯಿಲ್ ಮನೆಗೆ ಬರಬೇಕಲ್ಲ!

ಈಗ ಮನೆಯ ನೀರಿನ ಏರ್ಪಾಡನ್ನೇ ಇನ್ನೊಮ್ಮೆ ನೆನೆಯಿರಿ. ನೆಲದಡಿ ಸಂಪು, ತಾರಸಿಯ ಮೇಲೆ ಟ್ಯಾಂಕು, ನಡುವೆ ಮೋಟಾರು. "ಮನೆಯಲ್ಲಿ ನೀರೆಷ್ಟಿದೆ ನೋಡು ಪುಟ್ಟಾ" ಎಂದು ಅಜ್ಜಿ ಹೇಳಿದರೆ ನೀವು ಎಲ್ಲಿ ನೋಡುತ್ತೀರಿ? ಮೋಟಾರು ಹಾಕಿ ಎಲ್ಲ ನೀರನ್ನೂ ಮೇಲಕ್ಕೇರಿಸಿದ ಮೇಲೆ ಸಂಪಿಗೆ ಕೋಲು ಇಳಿಬಿಟ್ಟರೆ ಕೋಲು ಒಣಗಿಯೇ ಬರುತ್ತದೆ. ಅಯ್ಯೋ, ಮನೆಯಲ್ಲಿ ನೀರಿಲ್ಲ ಎಂದು ಟ್ಯಾಂಕರಿಗೆ ಫೋನ್ ಮಾಡುತ್ತೀರಾ? ನೀರು ಮನೆಯಲ್ಲೇ ಇದೆ, ನೀವು ಕೋಲು ಬಿಟ್ಟ ಜಾಗದಲ್ಲಿಲ್ಲ, ಅಷ್ಟೆ.

ಹಳೆಯ 911ರ ಎಂಜಿನ್ ಹೀಗೇ ಸಂಪು ಮತ್ತು ಟ್ಯಾಂಕು ಎರಡೂ ಇರುವ ಮನೆ.

ಈ ಕಾರಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1963ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಇದನ್ನು ಮೊದಲ ಸಲ ಜನರ ಮುಂದೆ ನಿಲ್ಲಿಸಿದಾಗ ಇದರ ಹೆಸರು 901. ಮೂರು ಅಂಕಿಯ ಹೆಸರಿನ ನಡುವೆ ಸೊನ್ನೆ ಇಡುವುದು ನಮ್ಮ ಹಕ್ಕು ಎಂದು ಫ್ರಾನ್ಸಿನ ಪೂಜೋ ಕಂಪನಿ ತಕರಾರು ತೆಗೆಯಿತು. ಸೊನ್ನೆ ಇದ್ದ ಕಡೆ ಒಂದು ಬಂತು, 901 ಹೋಗಿ 911 ಆಯಿತು. ಬೇರೆ ಕಾರುಗಳಲ್ಲಿ ಡಿಕ್ಕಿ ಇರುವ ಜಾಗದಲ್ಲಿ ಇದರ ಎಂಜಿನ್ ಕೂತಿದೆ, ಮುಂದಿನ ಬಾನೆಟ್ ಎತ್ತಿದರೆ ಸಾಮಾನು ಇಡುವ ಜಾಗ. ಆರು ಸಿಲಿಂಡರುಗಳು ಈ ಕಡೆ ಮೂರು, ಆ ಕಡೆ ಮೂರು ಮಲಗಿಕೊಂಡಿವೆ. 1998ರವರೆಗೂ ಈ ಎಂಜಿನಿಗೆ ರೇಡಿಯೇಟರ್ ನೀರಿನ ತಂಪು ಇರಲಿಲ್ಲ. ಒಂದು ದೊಡ್ಡ ಫ್ಯಾನಿನ ಗಾಳಿ, ಮತ್ತೆ ಆಯಿಲ್. ಸವಕಳಿ ತಡೆಯುವುದು ಒಂದು ಕೆಲಸವಾದರೆ ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದು ಆಯಿಲಿನ ಇನ್ನೊಂದು ಕೆಲಸ. ಮನೆಯ ಸಣ್ಣ ಕಾರಿಗೆ ಮೂರು, ನಾಲ್ಕು ಲೀಟರ್ ಸಾಕಾದರೆ ಈ 911ರ ಅನೇಕ ಮಾದರಿಗಳು ಹತ್ತು ಲೀಟರಿಗೂ ಹೆಚ್ಚು ಕುಡಿಯುವುದು ಅದಕ್ಕೇ.

ಅಷ್ಟು ಆಯಿಲನ್ನು ಎಂಜಿನಿನ ಬುಡದಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ? ಇಟ್ಟುಕೊಳ್ಳಲಿಲ್ಲ. ಕಾರಣ ತಿರುವು.

ಬಸ್ಸು ತಿರುವಿನಲ್ಲಿ ಜೋರಾಗಿ ಹೊರಳಿದಾಗ ನೀವು ಪಕ್ಕದವರ ಮೇಲೆ ವಾಲುತ್ತೀರಲ್ಲ, ಸಂಪಿನಲ್ಲಿರುವ ಆಯಿಲೂ ಹಾಗೇ ಒಂದು ಗೋಡೆಗೆ ವಾಲುತ್ತದೆ. ಎಷ್ಟು ವಾಲುತ್ತದೆ ಎನ್ನುವುದಕ್ಕೆ ಲೆಕ್ಕವಿದೆ. ಭೂಮಿ ಕೆಳಗೆ ಸೆಳೆಯುವಷ್ಟೇ ಬಲದಿಂದ ತಿರುವು ಪಕ್ಕಕ್ಕೆ ತಳ್ಳಿದರೆ, ಆಯಿಲಿನ ಮೇಲ್ಮೈ ಸರಿಯಾಗಿ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ನಮ್ಮ ಮನೆಯ ಕಾರನ್ನು ಯಾರೂ ಹಾಗೆ ತಿರುಗಿಸುವುದಿಲ್ಲ, ತಿರುಗಿಸಲೂ ಬಾರದು. ಪಂದ್ಯದ ದಾರಿಯಲ್ಲಿ ಓಡುವ ಕಾರುಗಳು ಆ ಲೆಕ್ಕದ ಹತ್ತಿರಕ್ಕೆ ಹೋಗುತ್ತವೆ. ಆಗ ಸಂಪಿನ ಒಂದು ಮೂಲೆಯಲ್ಲಿ ಆಯಿಲ್ ಗೋಡೆ ಏರಿ ನಿಂತಿದ್ದರೆ ಪಂಪಿನ ಬಾಯಿ ಇರುವಲ್ಲಿ ಬರೀ ಗಾಳಿ. ಜ್ಯೂಸ್ ಮುಗಿಯುತ್ತಾ ಬಂದಾಗ ಸ್ಟ್ರಾ ಗೊರಗೊರ ಅನ್ನುತ್ತಲ್ಲ, ಹಾಗೆ. ಒಳಗೆ ನಿಮಿಷಕ್ಕೆ ಆರು ಸಾವಿರ ಸಲ ತಿರುಗುವ ದಂಡ ಮತ್ತು ಅದರ ಬೇರಿಂಗ್ ಒಂದಕ್ಕೊಂದು ತಾಗದಂತೆ ತಡೆದಿರುವುದು ತಲೆಗೂದಲಿಗಿಂತ ಎಷ್ಟೋ ತೆಳುವಾದ ಒಂದು ಪದರ ಆಯಿಲ್. ಆ ಪದರ ಕೆಲವು ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ಉಜ್ಜಿ ಬೇರಿಂಗ್ ಸುಟ್ಟು ಹೋಗುತ್ತದೆ.

ಅದಕ್ಕೇ 911 ಕಟ್ಟಿದವರು ಆಯಿಲನ್ನು ಎಂಜಿನಿನ ಕೆಳಗೆ ನಿಲ್ಲಲು ಬಿಡಲೇ ಇಲ್ಲ. ಬಲಗಡೆಯ ಹಿಂದಿನ ಚಕ್ರದ ಹಿಂದೆ ಪ್ರತ್ಯೇಕ ಟ್ಯಾಂಕು ಇಟ್ಟರು. ಎಂಜಿನಿನಲ್ಲಿ ಎರಡು ಪಂಪು. ಒಂದು ಪಂಪು ತಳಕ್ಕೆ ಇಳಿದ ಆಯಿಲನ್ನು ಆಗಿಂದಾಗ್ಗೆ ಬಳಿದು ಟ್ಯಾಂಕಿಗೆ ಕಳುಹಿಸುತ್ತದೆ, ಇನ್ನೊಂದು ಟ್ಯಾಂಕಿನಿಂದ ಎಂಜಿನಿಗೆ ಒತ್ತಡದಲ್ಲಿ ಕೊಡುತ್ತದೆ. ಟ್ಯಾಂಕು ಎತ್ತರವಾಗಿದೆ, ಅದರ ತಳದಲ್ಲಿ ಯಾವಾಗಲೂ ಆಯಿಲ್ ಇರುತ್ತದೆ, ಕಾರು ಎಷ್ಟೇ ವಾಲಿದರೂ ಪಂಪಿಗೆ ಗಾಳಿ ಸಿಗುವುದಿಲ್ಲ. ಎಂಜಿನಿನ ತಳ ಹೆಚ್ಚುಕಡಿಮೆ ಒಣಗಿಯೇ ಇರುತ್ತದೆ. ಆದ್ದರಿಂದ ಇಂಥ ಏರ್ಪಾಡಿಗೆ ಡ್ರೈ ಸಂಪ್, ಅಂದರೆ ಒಣ ಸಂಪು ಎಂದು ಹೆಸರು.

ಈ ಕಾರಿನಲ್ಲಿ ಡಿಪ್‌ಸ್ಟಿಕ್ ಇರುವುದು ಆ ಟ್ಯಾಂಕಿನಲ್ಲಿ. ಎಂಜಿನ್ ಓಡುತ್ತಿರುವಾಗ ಮೋಟಾರು ಓಡುತ್ತಿದೆ, ನೀರು ತಾರಸಿಯ ಟ್ಯಾಂಕಿನಲ್ಲಿದೆ ಅಂದುಕೊಳ್ಳಿ. ಕಡ್ಡಿ ಎಳೆದರೆ ನಿಜ ಕಾಣುತ್ತದೆ. ಎಂಜಿನ್ ನಿಂತ ಕೂಡಲೇ ಬಳಿಯುವ ಪಂಪು ನಿಂತಿತು. ಟ್ಯಾಂಕಿನ ಆಯಿಲ್ ರಾತ್ರಿಯೆಲ್ಲ ಮೆಲ್ಲಮೆಲ್ಲಗೆ ಸೋರಿ ಎಂಜಿನಿನ ತಳಕ್ಕೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಒಳಗಿಂದೊಳಗೇ ಸ್ಥಳಾಂತರ.

ಹೊಸದಾಗಿ ಹಳೆಯ 911 ಕೊಂಡವರೊಬ್ಬರು ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಮನೆಯ ಕಾರಿನ ರೂಢಿಯಂತೆ ತಣ್ಣಗಿನ ಎಂಜಿನಿನಲ್ಲಿ ಕಡ್ಡಿ ಎಳೆಯುತ್ತಾರೆ ಅಂದುಕೊಳ್ಳಿ. ಕಡ್ಡಿಯ ತುದಿಯಲ್ಲೂ ಆಯಿಲ್ ಇಲ್ಲ. ಎದೆ ಧಸಕ್ಕೆನ್ನುತ್ತದೆ. ಒಂದು ಲೀಟರ್ ಸುರಿಯುತ್ತಾರೆ, ಸಾಲದು ಅನ್ನಿಸುತ್ತದೆ. ಇನ್ನೊಂದು ಸುರಿಯುತ್ತಾರೆ. ಈಗ ಕಡ್ಡಿಯಲ್ಲಿ ಸರಿಯಾಗಿ ಕಂಡಿತು ಎಂದು ಸಮಾಧಾನದಿಂದ ಎಂಜಿನ್ ಸ್ಟಾರ್ಟ್ ಮಾಡುತ್ತಾರೆ. ಕೆಳಗಿದ್ದ ಹಳೆಯ ಆಯಿಲೆಲ್ಲ ಟ್ಯಾಂಕಿಗೆ ವಾಪಸು ಬರುತ್ತದೆ, ಅಲ್ಲಿ ಆಗಲೇ ಹೊಸದು ತುಂಬಿಕೊಂಡಿದೆ. ಹೆಚ್ಚಾದದ್ದು ಉಸಿರಾಟದ ಕೊಳವೆಯ ಮೂಲಕ ಏರ್ ಫಿಲ್ಟರಿನ ಕಡೆಗೆ ಹೋಗುತ್ತದೆ. ಅಲ್ಲಿಂದ ಎಂಜಿನ್ ಅದನ್ನು ಗಾಳಿಯ ಜೊತೆ ಒಳಗೆಳೆದು ಸುಡುತ್ತದೆ. ಸೈಲೆನ್ಸರಿನಿಂದ ಬಿಳಿ ನೀಲಿ ಹೊಗೆ ಬೀದಿ ತುಂಬ. ಎಂಜಿನಿನಲ್ಲಿ ಮೊದಲು ಯಾವ ದೋಷವೂ ಇರಲಿಲ್ಲ ನೋಡಿ, ಅಳತೆಯೇ ದೋಷ ತಂದಿತು.

ಹೊಸಬರನ್ನು ಹೆದರಿಸುವ ಇನ್ನೊಂದು ವಿಷಯವೂ ಈ ಕಾರಿನಲ್ಲಿದೆ. ಡ್ರೈವರ್ ಮುಂದೆ ಸಾಲಾಗಿ ಐದು ದುಂಡನೆಯ ಮೀಟರುಗಳು. ಅದರಲ್ಲಿ ಆಯಿಲ್ ಎಷ್ಟಿದೆ ಎಂದು ತೋರಿಸುವ ಮುಳ್ಳೂ ಉಂಟು. ಜೋರಾಗಿ ಓಡಿಸುವಾಗ ಅದು ಸೊನ್ನೆಗೆ ಬಿದ್ದುಬಿಡಬಹುದು. ಆಯಿಲ್ ಆಗ ಕೊಳವೆ, ಎಂಜಿನ್, ಕೂಲರ್ ಎಂದು ಎಲ್ಲೆಲ್ಲೂ ಓಡಾಡುತ್ತಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ, ಕಾರು ಸಮನೆಲದಲ್ಲಿ ನಿಂತು, ಎಂಜಿನ್ ಸುಮ್ಮನೆ ಗುರುಗುಡುತ್ತಿರುವಾಗ ಮಾತ್ರ ಆ ಮುಳ್ಳಿನ ಮಾತು ಕೇಳಬೇಕು. ಉಳಿದ ಹೊತ್ತಿನಲ್ಲಿ ಅದು ಇಲ್ಲವೇ ಇಲ್ಲ ಎಂದು ತಿಳಿದುಕೊಂಡರೆ ಒಳ್ಳೆಯದು. ಆಯಿಲ್ ಒತ್ತಡ ತೋರಿಸುವ ಮುಳ್ಳು ಮಾತ್ರ ಬೇರೆ. ಓಡುವಾಗ ಅದು ಸೊನ್ನೆಗೆ ಬಿದ್ದರೆ ತಕ್ಷಣ ಪಕ್ಕಕ್ಕೆ ತೆಗೆದುಕೊಂಡು ಎಂಜಿನ್ ಆಫ್ ಮಾಡಲೇಬೇಕು.

ಬಿಸಿ ಯಾಕೆ ಎಂದು ಕೇಳುವ ಮಕ್ಕಳಿಗೆ ಒಂದು ಲೆಕ್ಕ. ಬಿಸಿಯಾದ ಆಯಿಲ್ ಉಬ್ಬುತ್ತದೆ, ಒಂದು ಡಿಗ್ರಿಗೆ ಸಾವಿರದಲ್ಲಿ ಸುಮಾರು 0.7 ಭಾಗದಷ್ಟು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಹತ್ತು ಲೀಟರ್ ಆಯಿಲ್ 20 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಎಷ್ಟಾಯಿತು? ಹತ್ತು ಸಾವಿರ ಮಿಲಿಲೀಟರಿಗೆ ಒಂದು ಡಿಗ್ರಿಯಲ್ಲಿ 7 ಮಿಲಿಲೀಟರ್, 70 ಡಿಗ್ರಿಗೆ 490. ಹತ್ತಿರ ಹತ್ತಿರ ಅರ್ಧ ಲೀಟರ್! ಯಾರೂ ಸುರಿಯದೆ ಅರ್ಧ ಲೀಟರ್ ಹೆಚ್ಚಾದಂತೆ ಕಾಣುತ್ತದೆ. ಕಡ್ಡಿಯ ಗೀಟುಗಳನ್ನು ಬಿಸಿ ಆಯಿಲಿನ ಲೆಕ್ಕದಲ್ಲೇ ಹಾಕಿರುವುದರಿಂದ ಬಿಸಿಯಲ್ಲೇ ನೋಡಬೇಕು. ಬರೀ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿದರೆ ಸಾಲದು. ಇಪ್ಪತ್ತು ನಿಮಿಷವಾದರೂ ರಸ್ತೆಯಲ್ಲಿ ಓಡಿಸಿ ಆಯಿಲಿನ ಬಿಸಿ 80, 90 ಡಿಗ್ರಿಯ ಸುತ್ತ ಬರಬೇಕು. ಕೆಲವು ಮಾದರಿಗಳಲ್ಲಿ ಮುಂದಿನ ಬಲಚಕ್ರದ ಹತ್ತಿರ ಇನ್ನೊಂದು ಕೂಲರ್ ಇದೆ. ಆಯಿಲ್ ಸಾಕಷ್ಟು ಕಾದ ಮೇಲಷ್ಟೇ ಅದರ ದಾರಿ ತೆರೆಯುತ್ತದೆ.

ಹಾಗೆ ಓಡಿಸಿ ಬಂದ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನನ್ನು ಓಡಲು ಬಿಟ್ಟು, ಹಿಂದಿನ ಮುಚ್ಚಳ ಎತ್ತಬೇಕು. ಬಲಗಡೆ ಆಯಿಲ್ ಮುಚ್ಚಳ. ತೆರೆದ ಕೂಡಲೇ ಕೆಲವು ಮಾದರಿಗಳಲ್ಲಿ ಎಂಜಿನ್ ಸ್ವಲ್ಪ ತೊದಲುತ್ತದೆ, ಗಾಬರಿ ಬೇಡ. ಕಡ್ಡಿ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಇಳಿಸಿ, ಮತ್ತೆ ಎಳೆದು ನೋಡಬೇಕು. ಮೊದಲ ಸಲ ಎಳೆದಾಗ ಕಾಣುವುದು ಕಡ್ಡಿಗೆ ಎಲ್ಲೆಲ್ಲೋ ಮೆತ್ತಿದ ಆಯಿಲ್. ಅದು ಲೆಕ್ಕಕ್ಕಿಲ್ಲ. ಎರಡು ಗೀಟುಗಳ ನಡುವೆ ಇದ್ದರೆ ಸಾಕು. ಮೇಲಿನ ಗೀಟಿಗೆ ತಂದು ಮುಟ್ಟಿಸಿಯೇ ತೀರುತ್ತೇನೆ ಎನ್ನುವ ಹಟ ಈ ಕಾರಿನಲ್ಲಿ ಒಳ್ಳೆಯದಲ್ಲ. ನನ್ನನ್ನು ಕೇಳಿದರೆ ನಡುವಿಗೆ ಬಂದಾಗ ನಿಲ್ಲಿಸುವುದೇ ಲೇಸು.

ಇಲ್ಲಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ಓಡುವ ಎಂಜಿನಿನ ಹತ್ತಿರ ಮಕ್ಕಳನ್ನು ಬಿಡಬೇಡಿ. ಆ ದೊಡ್ಡ ಫ್ಯಾನು ಮತ್ತು ಅದರ ಬೆಲ್ಟು ಕೈಗೆಟಕುವಷ್ಟು ಹತ್ತಿರದಲ್ಲೇ ತಿರುಗುತ್ತಿರುತ್ತವೆ. ಸೀರೆಯ ಸೆರಗು, ದುಪಟ್ಟಾ, ಶಲ್ಯ, ಬಿಟ್ಟ ಜಡೆ ಯಾವುದೂ ಅದರ ಹತ್ತಿರ ಸುಳಿಯಬಾರದು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿಕೊಂಡು ಆಯಿಲ್ ನೋಡುವುದಂತೂ ಕೂಡದೇ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಬಯಲಿನಲ್ಲೇ ನೋಡಬೇಕು.

ಈ ಟ್ಯಾಂಕಿನ ಒಂದು ತಮಾಷೆಯ ಕತೆ ಇದೆ. 1972ರ ಮಾದರಿಗೆ ಪೋರ್ಷೆಯವರು ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರದ ಹಿಂದಿನಿಂದ ಮುಂದಕ್ಕೆ ತಂದರು. ಎಂಜಿನಿನ ಭಾರವೆಲ್ಲ ಹಿಂದೆ ಇರುವ ಕಾರು, ಆಯಿಲಿನ ಭಾರವಾದರೂ ನಡುವಿಗೆ ಬರಲಿ ಎಂದು. ತುಂಬುವ ಬಾಯಿ ಕಾರಿನ ಹೊರಮೈಗೆ ಬಂತು. ಬಲಬಾಗಿಲಿನ ಹಿಂದೆ ಅಚ್ಚುಕಟ್ಟಾದ ಒಂದು ಪುಟ್ಟ ಮುಚ್ಚಳ. ಪೆಟ್ರೋಲ್ ಹಾಕುವ ಬಾಯಿ ಇರುವುದು ಮುಂದೆ ಎಡಗಡೆ. ಆದರೆ ಬಂಕಿನವರಿಗೆ ಏನು ಗೊತ್ತು? ಕಾರಿನ ಹಿಂಭಾಗದ ಪಕ್ಕದಲ್ಲಿ ಮುಚ್ಚಳ ಕಂಡರೆ ಪೆಟ್ರೋಲಿಗೇ ಎಂದುಕೊಂಡು ಕೆಲವರು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿದರು! ಪೆಟ್ರೋಲ್ ಬೆರೆತ ಆಯಿಲ್ ನೀರಾಗಿಬಿಡುತ್ತದೆ, ಬೇರಿಂಗ್ ಕಾಯುವ ಆ ತೆಳು ಪದರ ನಿಲ್ಲುವುದಿಲ್ಲ. ಮರುವರ್ಷದ ಮಾದರಿಯಲ್ಲಿ ಮುಚ್ಚಳ ಮಾಯ, ಟ್ಯಾಂಕು ಮತ್ತೆ ಹಳೆಯ ಜಾಗಕ್ಕೆ. ಒಂದೇ ಒಂದು ವರ್ಷ ಬಂದ ಆ ಮುಚ್ಚಳದ ಕಾರುಗಳನ್ನು ಹಳೆಯ ಕಾರು ಪ್ರಿಯರು ಈಗ ಹುಡುಕಿಕೊಂಡು ಹೋಗುತ್ತಾರೆ.

ನಮ್ಮ ಕಡೆಯ ತಾತಂದಿರಿಗೆ ಒಣ ಸಂಪು ಅಂಥ ಹೊಸದೇನೂ ಅಲ್ಲ. ಹಳೆಯ ಕಬ್ಬಿಣದ ಎಂಜಿನಿನ ಬುಲೆಟ್ ಓಡಿಸಿದವರು ಇದ್ದರೆ ಕೇಳಿ ನೋಡಿ. ಅದರಲ್ಲೂ ಆಯಿಲಿಗೆ ಬೇರೆಯೇ ಒಂದು ಕೋಣೆ, ವಾಪಸು ಕಳುಹಿಸಲು ಬೇರೆ ಪಂಪು. ಬಹಳ ದಿನ ನಿಲ್ಲಿಸಿದ್ದರೆ ಕೋಣೆಯ ಆಯಿಲ್ ಕೆಳಗಿಳಿದು, ಕಿಕ್ ಹೊಡೆದ ಕೂಡಲೇ ಹೊಗೆ ಎಬ್ಬಿಸುವುದೂ ಉಂಟು. ಇನ್ನು ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ ಇಟ್ಟುಕೊಂಡಿದ್ದವರಿಗೆ ಈ ಜಗಳವೇ ಇರಲಿಲ್ಲ. ಅದು ಟೂ ಸ್ಟ್ರೋಕ್ ಎಂಜಿನ್. ಎಂಜಿನಿನ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು.

ಮಕ್ಕಳು ಮನೆಯಲ್ಲೇ ಮಾಡಿ ನೋಡಲು ಒಂದು ಪ್ರಯೋಗ ಹೇಳುತ್ತೇನೆ. ಕಾರು ಬೇಡ, ಬಿಸಿ ಎಂಜಿನ್ ಬೇಡ. ಸುಮಾರು 20 ಸೆಂಟಿಮೀಟರ್ ಉದ್ದದ ಚಪ್ಪಟೆ ತಳದ ಡಬ್ಬಿಯಲ್ಲಿ 3 ಸೆಂಟಿಮೀಟರ್ ನೀರು ತುಂಬಿ. ಐಸ್‌ಕ್ರೀಮ್ ಕಡ್ಡಿಗೆ ಪೆನ್ನಿನಿಂದ ಸೆಂಟಿಮೀಟರ್ ಗೀಟು ಹಾಕಿ. ಡಬ್ಬಿಯ ಎರಡು ತುದಿಯಲ್ಲೂ ಕಡ್ಡಿ ಅದ್ದಿ ನೋಡಿ, ಎರಡೂ ಕಡೆ 3. ಈಗ ಒಂದು ತುದಿಯ ಕೆಳಗೆ 1 ಸೆಂಟಿಮೀಟರ್ ದಪ್ಪದ ಪುಸ್ತಕ ಇಡಿ. ಎತ್ತರದ ತುದಿಯಲ್ಲಿ ಎರಡೂವರೆ, ತಗ್ಗಿನ ತುದಿಯಲ್ಲಿ ಮೂರೂವರೆ. ನೀರು ಒಂದು ಹನಿಯೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಎಷ್ಟೋ ಕಾರುಗಳ ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೀಟಿಗೂ ಕೆಳಗಿನ ಗೀಟಿಗೂ ಇರುವ ಅಂತರ ಒಂದೆರಡು ಸೆಂಟಿಮೀಟರ್ ಅಷ್ಟೇ, ಅಷ್ಟರಲ್ಲೇ ಒಂದು ಲೀಟರಿನಷ್ಟು ಆಯಿಲಿನ ಲೆಕ್ಕ ಅಡಗಿರುತ್ತದೆ. ಇಳಿಜಾರಿನ ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಏನಾಗುತ್ತದೆ ಎಂದು ಈಗ ನೀವೇ ಮನೆಯವರಿಗೆ ವಿವರಿಸಬಹುದು.

911ರಲ್ಲೂ ಕಾಲ ಬದಲಾಗಿದೆ. ಈಚಿನ ಮಾದರಿಗಳಲ್ಲಿ ಎಳೆಯಲು ಕಡ್ಡಿಯೇ ಇಲ್ಲ, ಒಳಗಿನ ಸೆನ್ಸರ್ ಅಳೆದು ಪರದೆಯ ಮೇಲೆ ತೋರಿಸುತ್ತದೆ. ಆದರೂ ಆಯಿಲ್ ಬಿಸಿಯಾಗಿರಬೇಕು, ನೆಲ ಸಮವಾಗಿರಬೇಕು. ಹಾಗಿಲ್ಲದಿದ್ದರೆ ಅದು ಲೆಕ್ಕ ಕೊಡುವುದಿಲ್ಲ, ಅಳೆಯಲು ಆಗುತ್ತಿಲ್ಲ ಎಂದುಬಿಡುತ್ತದೆ. ಹಳೆಯ ಕಡ್ಡಿ ಹೀಗೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾವ ಗಾಡಿಯೇ ಇರಲಿ, ಅದರ ಜೊತೆ ಬಂದ ಕೈಪಿಡಿ ಕಾರಿನ ಗ್ಲೋವ್ ಬಾಕ್ಸಿನಲ್ಲೋ ಬೀರುವಿನಲ್ಲೋ ಇರುತ್ತದೆ. ಆಯಿಲ್ ನೋಡುವ ಪುಟವನ್ನು ಅಜ್ಜನಿಗೆ ಓದಿ ಹೇಳಿ. ಬಿಸಿಯಲ್ಲೋ ತಣ್ಣಗೋ, ಆಫ್ ಮಾಡಿ ಎಷ್ಟು ನಿಮಿಷಕ್ಕೆ ಎಂದು ಅಲ್ಲಿ ಬರೆದಿರುತ್ತದೆ. ಕಡಿಮೆ ಕಂಡರೆ ಒಂದೇ ಸಲಕ್ಕೆ ಸುರಿಯದೆ ಕಾಲು ಲೀಟರ್ ಹಾಕಿ, ಸ್ವಲ್ಪ ಕಾದು, ಮತ್ತೆ ನೋಡಬೇಕು. ಹಾಕುವುದು ಸುಲಭ, ತೆಗೆಯಬೇಕಾದರೆ ಗ್ಯಾರೇಜಿಗೆ ಹೋಗಬೇಕು. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು, ಕಿಲೋಮೀಟರ್, ಕಡ್ಡಿಯಲ್ಲಿ ಕಂಡ ಗುರುತು, ಹಾಕಿದ ಆಯಿಲ್ ಇಷ್ಟನ್ನೂ ಬರೆದಿಡುವ ಕೆಲಸವನ್ನು ಮೊಮ್ಮಕ್ಕಳು ವಹಿಸಿಕೊಳ್ಳಲಿ. ಆರು ತಿಂಗಳು ಬರೆದ ಮೇಲೆ ನನಗೂ ಒಂದು ಪುಟ ಕಳುಹಿಸಿ.